ಬೇವಿನ ಮರದ ಕೆಳಗಿನ ಮೂವತ್ತೊಂದು ಕೆಂಪು ಕೋಳಿಗಳು

ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಯ ಹಿತ್ತಿಲಿನಲ್ಲಿ ನಡೆದ ಸಂಗತಿ ಇದು. ಊರಿನ ಹೆಸರು, ಮನೆಯವರ ಹೆಸರು, ಮರಿ ಮಾರಿದವನ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಮನೆಯವರನ್ನು ಪತ್ತೆ ಹಚ್ಚಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಕೋಳಿಗಳ ವಿಷಯವನ್ನು ಮಾತ್ರ ಕಂಡದ್ದು ಕಂಡಂತೆ ಬರೆದಿದ್ದೇನೆ. ನಾನು ನಿವೃತ್ತ ಪಶುವೈದ್ಯ. ಈ ಪ್ರಕರಣದಲ್ಲಿ ಮೊದಲ ತಪ್ಪು ನನ್ನದೇ ಆದ್ದರಿಂದ ಅದನ್ನು ಮುಚ್ಚಿಡದೆ ಹೇಳುವುದು ನನ್ನ ಹೊಣೆ ಎಂದುಕೊಂಡಿದ್ದೇನೆ.

ಸಂತೆಯಿಂದ ಬಂದ ಮರಿಗಳು

ಮನೆಯೊಡತಿಗೆ ಐವತ್ತರ ಆಸುಪಾಸು. ಮೂರು ಎಕರೆ ಹೊಲ, ಅದರಲ್ಲಿ ತೊಗರಿ ಮತ್ತು ಹಿಂಗಾರಿನ ಜೋಳ. ಜವಾರಿ ಕೋಳಿ ಸಾಕುವುದು ಆಕೆಗೆ ತವರಿನಿಂದ ಬಂದ ವಿದ್ಯೆ. ಎರಡು ವರ್ಷಗಳ ಹಿಂದೆ ಊರಿಗೆ ಕೊಕ್ಕರೆ ರೋಗ ಬಂದಾಗ ನಾಲ್ಕು ದಿನಗಳಲ್ಲಿ ಅವರ ಹದಿನಾಲ್ಕು ಕೋಳಿಗಳೂ ಹೋದವು. ಲಸಿಕೆ ಹಾಕಿಸಿರಲಿಲ್ಲ. ಖಾಲಿ ಗೂಡನ್ನು ನೋಡಲಾಗದೆ ಸ್ವಸಹಾಯ ಸಂಘದಿಂದ ಸಾಲ ಪಡೆದು, ಆ ವರ್ಷದ ಸೆಪ್ಟೆಂಬರ್‌ನಲ್ಲಿ ವಾರದ ಸಂತೆಗೆ ವ್ಯಾನಿನಲ್ಲಿ ಬಂದಿದ್ದ ವ್ಯಾಪಾರಿಯಿಂದ ಒಂದು ತಿಂಗಳ ನಲವತ್ತು ಮರಿಗಳನ್ನು ಕೊಂಡರು.

ವ್ಯಾಪಾರಿ ಹೇಳಿದ ಮಾತು ಅವರಿಗೆ ಬಾಯಿಪಾಠವಾಗಿತ್ತು: ಎಲ್ಲವೂ ಅಸಲಿ ರೋಡ್ ಐಲ್ಯಾಂಡ್ ರೆಡ್ (ಆರ್‌ಐಆರ್), ಅಮೆರಿಕದ ತಳಿ, ವರ್ಷಕ್ಕೆ ಮುನ್ನೂರು ಮೊಟ್ಟೆ, ಮೇಲಾಗಿ ಕಾವಿಗೂ ಕೂರುತ್ತವೆ. ಅನುಮಾನ ಹುಟ್ಟಬೇಕಾದದ್ದು ಇಲ್ಲಿಯೇ. ಕಾವಿಗೆ ಕೂತ ಕೋಳಿ ಮೂರು ವಾರ ಮೊಟ್ಟೆಗಳ ಮೇಲಿರುತ್ತದೆ, ಆಮೇಲೆ ಮರಿಗಳ ಹಿಂದೆ ವಾರಗಟ್ಟಲೆ ತಿರುಗುತ್ತದೆ. ಅಷ್ಟು ಕಾಲ ಅದು ಮೊಟ್ಟೆ ಇಡುವುದಿಲ್ಲ. ವರ್ಷದಲ್ಲಿ ಮೂರು ಸಲ ಕಾವಿಗೆ ಕೂರುವ ಕೋಳಿ ಮುನ್ನೂರು ಮೊಟ್ಟೆ ಇಡಲಾರದು, ಮುನ್ನೂರು ಇಡುವ ಕೋಳಿಗೆ ಕಾವಿನ ನೆನಪೇ ಇರುವುದಿಲ್ಲ. ಎರಡನ್ನೂ ಒಂದೇ ಕೋಳಿಗೆ ಹೊರಿಸಿ ಮಾರುವವನ ಬುಟ್ಟಿಯಲ್ಲಿ ಬೇರೆ ಬೇರೆ ಕೋಳಿಗಳಿರಬಹುದು ಎಂಬುದು ನನಗೂ ಆಗ ಹೊಳೆಯಲಿಲ್ಲ.

ನಾಯಿ, ಮುಂಗುಸಿ, ಮೊದಲ ವಾರಗಳ ಕಾಯಿಲೆ ಎಲ್ಲ ಸೇರಿ ಒಂಬತ್ತು ಮರಿಗಳು ಹೋದವು. ಉಳಿದವು ಮೂವತ್ತೊಂದು: ಇಪ್ಪತ್ತೆಂಟು ಹೇಂಟೆಗಳು, ಮೂರು ಹುಂಜಗಳು. ಫೆಬ್ರುವರಿಯಿಂದ ಮೊಟ್ಟೆ ಶುರುವಾಯಿತು. ಮನೆಯೊಡತಿಯ ಲೆಕ್ಕ ಸರಳವಾಗಿತ್ತು, ಒಳ್ಳೆಯದೂ ಆಗಿತ್ತು. ತಿನ್ನುವ ಮೊಟ್ಟೆ ಮಾರುವ ಬದಲು ಸಂಘದ ಇತರ ಆರು ಮಂದಿಗೆ ಮರಿ ಮಾಡಿಸುವ ಮೊಟ್ಟೆಗಳನ್ನು ಎರಡರಷ್ಟು ಬೆಲೆಗೆ ಕೊಡುವುದು. ಆದರೆ ಆಕೆ ಒಂದು ಮಾತು ಹೇಳಿದ್ದರು: “ತಳಿ ಖರೆ ಎಂದು ನೀವು ಹೇಳಿದರೆ ಮಾತ್ರ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ.” ಅದಕ್ಕಾಗಿಯೇ ನನ್ನನ್ನು ಕರೆದದ್ದು.

ಮೇ ತಿಂಗಳ ಮಧ್ಯಾಹ್ನ

ನಾನು ಹೋದದ್ದು ಮೇ ಎರಡನೆಯ ವಾರ, ಮಧ್ಯಾಹ್ನ ಎರಡು ಗಂಟೆಗೆ. ನಮ್ಮ ಕಡೆ ಆ ದಿನಗಳಲ್ಲಿ ಬಿಸಿಲು 42, 43 ಡಿಗ್ರಿ ದಾಟುವುದು ಹೊಸತಲ್ಲ. ಶಹಾಬಾದ್ ಕಲ್ಲು ಹಾಸಿದ ಅಂಗಳ ಕಾದ ಹಂಚಿನಂತಿತ್ತು. ಕೋಳಿಗಳೆಲ್ಲ ಬೇವಿನ ಮರದ ಕೆಳಗೆ ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಹತ್ತು ಹೆಜ್ಜೆ ದೂರದಿಂದ ನೋಡಿದೆ. ಎಲ್ಲವೂ ಕೆಂಪು. ಹತ್ತಿರ ನಿಂತಿದ್ದ ಹುಂಜಕ್ಕೆ ಒಂಟಿ ಜುಟ್ಟು, ಹಳದಿ ಕಾಲು, ಹಸಿರು ಹೊಳಪಿನ ಕಪ್ಪು ಬಾಲ. “ಆರ್‌ಐಆರ್ ಇದ್ದ ಹಾಗೆಯೇ ಇವೆ” ಎಂದೆ. ಒಂದನ್ನೂ ಕೈಗೆತ್ತಿಕೊಳ್ಳಲಿಲ್ಲ.

ಆ ಸಮಯದಲ್ಲಿ ಕೋಳಿಯ ಗುರುತು ಹಿಡಿಯುವುದು ಎಷ್ಟು ಅಪಾಯ ಎಂಬುದನ್ನು ಈಗ ವಿವರವಾಗಿ ಹೇಳಬಲ್ಲೆ. ಸೆಖೆಗೆ ರೆಕ್ಕೆ ಇಳಿಬಿಟ್ಟು ಕುಸಿದ ಕೋಳಿಗೆ ಆಕಾರವೇ ಇರುವುದಿಲ್ಲ. ಉದ್ದ ಕಾಲಿನದೂ ಗಿಡ್ಡ ಕಾಲಿನದೂ ಒಂದೇ ಎತ್ತರಕ್ಕೆ ಕಾಣುತ್ತವೆ. ಸ್ವಭಾವವೂ ತೋರುವುದಿಲ್ಲ, ಏಕೆಂದರೆ ಜಗಳಗಂಟಿಯೂ ಸಾಧುವೂ ಆ ಹೊತ್ತಿನಲ್ಲಿ ನೆರಳಿಗಾಗಿ ಅಂಟಿಕೊಂಡು ಕೂತಿರುತ್ತವೆ. ಇನ್ನು ಬಣ್ಣ. ತಿಂಗಳುಗಟ್ಟಲೆ ಬಿಸಿಲಿಗೆ ಸಿಕ್ಕ ಗರಿಯ ಹೊರತುದಿ ಮಾಸುತ್ತದೆ. ಕಡುಗೆಂಪು ಗರಿ ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ, ಮೊದಲೇ ತಿಳಿಗೆಂಪಾಗಿದ್ದ ಗರಿಯೂ ಅದಕ್ಕೆ ಹತ್ತಿರದ ಬಣ್ಣಕ್ಕೆ ಬಂದು ನಿಲ್ಲುತ್ತದೆ. ಮೇ ತಿಂಗಳಲ್ಲಿ ಎಲ್ಲ ಕೆಂಪು ಕೋಳಿಗಳೂ ಅಕ್ಕತಂಗಿಯರು.

ನನ್ನ ಮಾತಿನ ಮೇಲೆ ಮನೆಯೊಡತಿ ಇಬ್ಬರು ನೆರೆಯವರಿಗೆ ತಲಾ ಹನ್ನೆರಡು ಮೊಟ್ಟೆಗಳನ್ನು ಕೊಟ್ಟರು.

ಮರಿಗಳು ಹೇಳಿದ್ದು

ಜವಾರಿ ಹೇಂಟೆಗಳ ಕೆಳಗೆ ಇಟ್ಟ ಆ ಇಪ್ಪತ್ನಾಲ್ಕು ಮೊಟ್ಟೆಗಳಿಂದ ಹದಿನೆಂಟು ಮರಿಗಳು ಬಂದವು. ಐದಾರು ವಾರ ಕಳೆಯುವಷ್ಟರಲ್ಲಿ ದೂರು ಬಂದಿತು. ಕೆಲವು ಮರಿಗಳ ತಲೆಯ ಮೇಲೆ ಗರಗಸದಂಥ ಒಂಟಿ ಜುಟ್ಟು ಏಳುವ ಬದಲು ಮೂರು ಸಾಲಿನ ಗಿಡ್ಡ ಗಂಟು ಬಂದಿತ್ತು. ಕೆಲವಕ್ಕೆ ಬಾಲದಲ್ಲಿ, ರೆಕ್ಕೆಯಲ್ಲಿ ಬಿಳಿ ಗರಿಗಳು. ಗಂಟು ಜುಟ್ಟಿನ ಎರಡು ಹುಂಜಮರಿಗಳು ಆ ವಯಸ್ಸಿಗೇ ರಕ್ತ ಬರುವಂತೆ ಕಾದಾಡುತ್ತಿದ್ದವು. “ಒಂದೇ ತಳಿ ಎಂದಿರಿ, ಇದೇನು ಕಲಬೆರಕೆ?” ಎಂದು ಕೇಳಿದ ನೆರೆಯಾಕೆಗೆ ಮನೆಯೊಡತಿಯ ಬಳಿ ಉತ್ತರವಿರಲಿಲ್ಲ.

ಮೂರು ಸಾಲಿನ ಆ ಜುಟ್ಟನ್ನು ಬಟಾಣಿ ಜುಟ್ಟು ಎನ್ನುತ್ತಾರೆ. ಒಂಟಿ ಜುಟ್ಟಿನ ಎದುರು ಅದು ಪ್ರಬಲ ಗುಣ, ತಂದೆತಾಯಿಗಳಲ್ಲಿ ಒಬ್ಬರಿಗೆ ಇದ್ದರೂ ಮಕ್ಕಳಲ್ಲಿ ಮೇಲೆದ್ದು ಕಾಣುತ್ತದೆ. ಎರಡೂ ಕಡೆ ಶುದ್ಧ ಒಂಟಿ ಜುಟ್ಟಿನ ಕೋಳಿಗಳಿದ್ದರೆ ಬಟಾಣಿ ಜುಟ್ಟಿನ ಮರಿ ಹುಟ್ಟಲು ಸಾಧ್ಯವಿಲ್ಲ. ಹಾಗಾಗಿ ಆ ಗುಂಪಿನಲ್ಲಿ ಎಲ್ಲೋ ಬಟಾಣಿ ಜುಟ್ಟಿನ ಕಾದಾಟದ ತಳಿಯಾದ ಅಸೀಲ್‌ನ ರಕ್ತ ಇರಲೇಬೇಕಿತ್ತು. ಅದು ನನ್ನ ಕಣ್ಣೆದುರಿಗೇ ಮರದ ಕೆಳಗೆ ಕೂತಿತ್ತು, ನಾನು ನೋಡಿರಲಿಲ್ಲ.

ಅದೇ ವಾರ ಇನ್ನೊಂದು ಅವಘಡ ನಡೆಯಿತು. ಮನೆಯ ನಾಲ್ಕು ವರ್ಷದ ಮೊಮ್ಮಗನ ಮೀನಖಂಡಕ್ಕೆ ಹುಂಜವೊಂದು ಹಿಂದಿನಿಂದ ಹಾರಿ ಒದ್ದಿತು. ಗಾಯ ಆಳವಾಗಿರಲಿಲ್ಲ, ಆದರೆ ಮಗು ಹಿತ್ತಿಲಿಗೆ ಕಾಲಿಡಲು ಒಲ್ಲೆ ಎಂದಿತು. ಯಾವ ಹುಂಜ ಎಂಬುದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಮನೆಯವರು ನೆಟ್ಟಗೆ ನಿಲ್ಲುವ ಎತ್ತರದ ಹುಂಜದ ಮೇಲೆ ತಪ್ಪು ಹೊರಿಸಿ ಅದನ್ನು ಕೊಯ್ಯಲು ನಿರ್ಧರಿಸಿದ್ದರು. ಎರಡು ದಿನ ತಡೆಯಿರಿ ಎಂದು ಫೋನಿನಲ್ಲಿ ಬೇಡಿಕೊಂಡೆ.

ಬೆಳಗಿನ ಆರು ಗಂಟೆ

ಎರಡನೆಯ ಸಲ ಜುಲೈ ಕೊನೆಗೆ, ಮಳೆ ಬಿದ್ದು ನೆಲ ತಣ್ಣಗಾದ ಮೇಲೆ, ಗೂಡಿನ ಬಾಗಿಲು ತೆರೆಯುವ ಮೊದಲೇ ಹೋದೆ. ಒಂದೊಂದಾಗಿ ಎತ್ತಿ ನೋಡಿದೆವು. ಹೊಲಿಗೆಯಲ್ಲಿ ಉಳಿದ ಬಟ್ಟೆಯ ಚೂರುಗಳನ್ನು ಕಾಲಿಗೆ ಸಡಿಲವಾಗಿ ಕಟ್ಟಿ ಸಂಖ್ಯೆ ಕೊಟ್ಟೆವು. ಎಂಟನೆಯ ತರಗತಿ ಓದುವ ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಂಡಳು. ಆ ನೋಟ್‌ಬುಕ್ ಇಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಮೊದಲು ಸಿಕ್ಕ ಸುಳಿವು ತಳಿಗೆ ಸಂಬಂಧಿಸಿದ್ದೇ ಅಲ್ಲ. ಕೆಲವು ಹೇಂಟೆಗಳ ಮೇಲಿನ ಕೊಕ್ಕು ಮೊಂಡಾಗಿತ್ತು, ಕೆಳಗಿನ ಕೊಕ್ಕು ತುಸು ಮುಂದೆ ಚಾಚಿತ್ತು. ಕಾಳು ಹೆಕ್ಕಿ ಸವೆದಿರಬೇಕು ಎಂದು ಮನೆಯೊಡತಿ ತಿಳಿದಿದ್ದರು. ಅದು ಸವೆತವಲ್ಲ, ಮರಿ ಇದ್ದಾಗಲೇ ಕತ್ತರಿಸಿದ್ದು. ಸಾವಿರಗಟ್ಟಲೆ ಕೋಳಿಗಳನ್ನು ಒಟ್ಟಿಗೆ ಸಾಕುವ ಮೊಟ್ಟೆ ಫಾರಂಗಳಲ್ಲಿ ಒಂದನ್ನೊಂದು ಕುಕ್ಕದಿರಲೆಂದು ಹೀಗೆ ಮಾಡುತ್ತಾರೆ. ಎಣಿಸಿದೆವು: ಹದಿಮೂರು. ಇವು ಫಾರಂಗೆಂದು ಸಿದ್ಧವಾಗಿ, ಹೇಗೋ ಸಂತೆಗೆ ಬಂದ ಕಂದು ಮೊಟ್ಟೆಯ ಹೈಬ್ರಿಡ್ ಕೋಳಿಗಳು.

ಆ ಹದಿಮೂರನ್ನೂ ಬೇರೆ ಗುರುತುಗಳಿಂದ ಪರೀಕ್ಷಿಸಿದೆ. ಬೆನ್ನಿನ ಗರಿಗಳ ಮೇಲೆ ಬಾಯಿಯಿಂದ ಊದಿ ಬುಡ ನೋಡಿದರೆ, ಮೇಲೆ ಕೆಂಪಿದ್ದ ಗರಿಯ ಕೆಳಗೆ ನವಿರು ತುಪ್ಪಳ ಬಿಳಿಯಾಗಿತ್ತು. ರೆಕ್ಕೆ ಬಿಚ್ಚಿದರೆ ಕಪ್ಪು ಇರಬೇಕಾದ ಜಾಗದಲ್ಲಿ ಕೆನೆ ಬಣ್ಣ. ಬಾಲದಲ್ಲಿಯೂ ಅಲ್ಲಲ್ಲಿ ಬಿಳಿ. ಇದಕ್ಕೆ ಕಾರಣ ಅವುಗಳ ಹುಟ್ಟಿನಲ್ಲಿದೆ. ಇಂಥ ಹೈಬ್ರಿಡ್‌ಗಳನ್ನು ಸಾಮಾನ್ಯವಾಗಿ ಕೆಂಪು ಹುಂಜ ಮತ್ತು ಬಿಳಿ ಬಣ್ಣದ ಹೇಂಟೆಯ ಕೂಡಿಕೆಯಿಂದ ಪಡೆಯುತ್ತಾರೆ. ಬಣ್ಣದ ಆ ಗುಣ ಲಿಂಗದ ಜೊತೆ ಸಾಗುವುದರಿಂದ ಹೆಣ್ಣುಮರಿಗಳು ತಂದೆಯಂತೆ ಕೆಂಪಾಗುತ್ತವೆ, ಗಂಡುಮರಿಗಳು ತಾಯಿಯಂತೆ ಬಿಳಿಯಾಗುತ್ತವೆ, ಮೊಟ್ಟೆಯೊಡೆದ ದಿನವೇ ಗಂಡು ಹೆಣ್ಣು ಬೇರ್ಪಡಿಸಬಹುದು. ಕೆಂಪು ಹೊದಿಕೆಯ ಕೆಳಗೆ ತಾಯಿಯ ಬಿಳುಪು ಉಳಿದಿರುತ್ತದೆ. ಆ ಕೋಳಿಯನ್ನು ಮತ್ತೆ ಮರಿಗೆ ಇಟ್ಟರೆ ಗುಣಗಳು ಚದುರಿಹೋಗುತ್ತವೆ. ಮೊಟ್ಟೆಯ ಯಂತ್ರವಾಗಿ ಅದು ಅಪ್ಪಟ, ವಂಶ ಬೆಳೆಸಲು ಆಗದು.

ಇನ್ನು ಉಳಿದ ಹದಿನೈದು ಹೇಂಟೆಗಳಲ್ಲಿ ಏಳು ನನ್ನ ಮನಸ್ಸಿಗೆ ಸಮಾಧಾನ ಕೊಟ್ಟವು. ಪಕ್ಕದಿಂದ ನೋಡಿದರೆ ಮೈ ಇಟ್ಟಿಗೆಯ ಹಾಗೆ ಉದ್ದ ಚೌಕ, ಬೆನ್ನು ನೆಲಕ್ಕೆ ಸಮಾನಾಂತರ, ಎದೆಯ ಮೂಳೆ ಉದ್ದ ಮತ್ತು ನೇರ. ಊದಿದರೆ ಗರಿಯ ಬುಡದವರೆಗೂ ಕೆಂಪು. ಒಂದರ ಮೇಲೊಂದು ಮುಚ್ಚಿಕೊಂಡ ಗರಿಗಳನ್ನು ಸರಿಸಿದರೆ ಬಿಸಿಲು ತಾಗದ ಭಾಗದಲ್ಲಿ ಕಡುಗೆಂಪು, ಹಳೆಯ ಬೀಟೆ ಮರದ ಬಾಗಿಲಿಗೆ ಎಣ್ಣೆ ಹಚ್ಚಿದಾಗ ಕಾಣುವ ಬಣ್ಣ. ರೆಕ್ಕೆಯ ದೊಡ್ಡ ಗರಿಗಳಲ್ಲಿ ಕಪ್ಪು, ಬಾಲ ಕಪ್ಪು, ಕಿವಿಯ ಹಾಲೆ ಕೆಂಪು. ರೋಡ್ ಐಲ್ಯಾಂಡ್ ರೆಡ್‌ಗೆ ಬರೆದಿಟ್ಟ ಲಕ್ಷಣಗಳಿವು. ಅಮೆರಿಕದ ರೋಡ್ ಐಲ್ಯಾಂಡ್ ಮತ್ತು ಮ್ಯಾಸಚೂಸೆಟ್ಸ್ ರೈತರು ಮಲಯ ಮೂಲದ ಕೆಂಪು ಹುಂಜಗಳನ್ನು ಬಳಸಿ ಬೆಳೆಸಿದ ತಳಿ ಅದು, 1904ರಲ್ಲಿ ಅಲ್ಲಿಯ ಮಾನಕ ಪಟ್ಟಿಗೆ ಸೇರಿತು, 1954ರಲ್ಲಿ ರೋಡ್ ಐಲ್ಯಾಂಡ್ ರಾಜ್ಯದ ಪಕ್ಷಿಯೂ ಆಯಿತು. ನಮ್ಮ ಹಿತ್ತಿಲ ಕೋಳಿ ಸುಧಾರಣೆಯಲ್ಲಿ ಅದರ ರಕ್ತ ದಶಕಗಳಿಂದ ಹರಿದಿದೆ.

ಕಾಲಿನ ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಈ ಏಳರಲ್ಲಿ ಐದಕ್ಕೆ ಕಾಲು ಬೆಳ್ಳಗಿತ್ತು. ಹಳದಿ ಕಾಲಿಲ್ಲದ್ದು ಆರ್‌ಐಆರ್ ಅಲ್ಲ ಎಂದು ಪಕ್ಕದ ಮನೆಯ ಹುಡುಗ ಮೊಬೈಲ್ ನೋಡಿ ಹೇಳಿದ. ಅದು ತಪ್ಪು. ಹಳದಿ ಚರ್ಮದ ಹೇಂಟೆ ಮೊಟ್ಟೆ ಇಡಲು ತೊಡಗಿದಂತೆ ಮೈಯ ಹಳದಿ ಬಣ್ಣ ಮೊಟ್ಟೆಯ ಭಂಡಾರಕ್ಕೆ ಹೋಗುತ್ತದೆ. ಮೊದಲು ಗುದದ್ವಾರದ ಸುತ್ತ, ಆಮೇಲೆ ಕಣ್ಣಿನ ಅಂಚು, ಕಿವಿಯ ಹಾಲೆ, ಕೊಕ್ಕು, ಕೊನೆಗೆ ಕಣಕಾಲು ಬಿಳುಚುತ್ತದೆ. ಮೊಟ್ಟೆ ನಿಂತಾಗ ಅದೇ ಕ್ರಮದಲ್ಲಿ ಬಣ್ಣ ಮರಳುತ್ತದೆ. ಆರು ತಿಂಗಳು ಚೆನ್ನಾಗಿ ಮೊಟ್ಟೆ ಇಟ್ಟ ಕೋಳಿಯ ಬಿಳಿ ಕಾಲು ಅದರ ದುಡಿಮೆಯ ಗುರುತು.

ಅದೇ ಹುಡುಗ, ಇವು ನ್ಯೂ ಹ್ಯಾಂಪ್‌ಶೈರ್ ಇರಬಹುದಲ್ಲವೇ ಎಂದೂ ಕೇಳಿದ. ಅದು ಒಳ್ಳೆಯ ಪ್ರಶ್ನೆ. ರೋಡ್ ಐಲ್ಯಾಂಡ್ ರೆಡ್‌ನಿಂದಲೇ ಆಯ್ದು ಆಯ್ದು ಬೆಳೆಸಿದ ತಳಿ ಅದು, 1935ರಲ್ಲಿ ಬೇರೆ ತಳಿಯೆಂದು ಮಾನ್ಯತೆ ಪಡೆಯಿತು. ಬಣ್ಣ ತಿಳಿಯಾದ ಕೆಂಗಂದು, ಮೈ ಇಟ್ಟಿಗೆಗಿಂತ ತ್ರಿಕೋನಕ್ಕೆ ಹತ್ತಿರ, ಹೇಂಟೆಯ ಕುತ್ತಿಗೆಯ ಕೆಳಗರಿಗಳಲ್ಲಿ ಕಪ್ಪು ಚುಕ್ಕೆಗಳ ಸಾಲು, ಮರಿಗಳಿಗೆ ಬೇಗ ಗರಿ ಬರುತ್ತದೆ. ನಮ್ಮ ಏಳರಲ್ಲಿ ಬಣ್ಣ ಹಾಗಿರಲಿಲ್ಲ. ಆದರೆ ಒಂದು ಇನ್ನೊಂದರ ಮಗಳಾಗಿರುವಾಗ, ಬೆರೆತ ಕೋಳಿಯನ್ನು ಎದುರಿಗಿಟ್ಟು ಇದೇ ಎಂದು ಆಣೆ ಮಾಡಲು ನನ್ನಿಂದ ಆಗದು. ಆದ್ದರಿಂದ ನೋಟ್‌ಬುಕ್ಕಿನಲ್ಲಿ “ಆರ್‌ಐಆರ್ ಲಕ್ಷಣದವು” ಎಂದಷ್ಟೇ ಬರೆಸಿದೆ.

ನಾಲ್ಕು ಹೇಂಟೆಗಳು ಮತ್ತು ಆ ಎತ್ತರದ ಹುಂಜ ಕೈಗೆತ್ತಿಕೊಂಡ ಕ್ಷಣವೇ ಬೇರೆ ಎನಿಸಿದವು. ಮೈ ಗಟ್ಟಿ, ಗರಿ ಚಿಕ್ಕದಾಗಿ ಮೈಗೆ ಅಂಟಿಕೊಂಡಿತ್ತು. ಉದ್ದ ಕುತ್ತಿಗೆ, ತೊಡೆ ಹೊರಗೆ ಕಾಣುವ ನಿಲುವು, ಇಳಿಬಿದ್ದ ಬಾಲ, ಗಲ್ಲದ ಜೋಲು ಇದ್ದೂ ಇಲ್ಲದಂತೆ, ತಲೆಯ ಮೇಲೆ ಬಟಾಣಿ ಜುಟ್ಟು. ಹುಂಜದ ಕಣ್ಣು ಮುತ್ತಿನ ಬಿಳಿ. ಅಸೀಲ್‌ನಲ್ಲಿ ರೇಜಾ ಎಂಬ ತಿಳಿಗೆಂಪಿನ ಬಗೆಯೂ ಪೀಲಾ ಎಂಬ ಹೊಂಗೆಂಪಿನ ಬಗೆಯೂ ಇವೆ, ಕೆಂಪಿನ ರಾಶಿಯಲ್ಲಿ ಇವು ಸೇರಿಹೋದದ್ದು ಹಾಗೆ.

ಉಳಿದ ನಾಲ್ಕು ಹೇಂಟೆಗಳನ್ನೂ ಒಂದು ಹುಂಜವನ್ನೂ ಯಾವ ಗುಂಪಿಗೂ ಸೇರಿಸಲಿಲ್ಲ. ಕಂದುಗೆಂಪು ಮೈ, ಒಂಟಿ ಜುಟ್ಟು, ಕೆಲವಕ್ಕೆ ಬೆನ್ನಿನಲ್ಲಿ ಸಣ್ಣ ಕಪ್ಪು ಗೆರೆ. ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯ ರೂಪಿಸಿದ ಗ್ರಾಮಪ್ರಿಯ ಇರಬಹುದು, ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಸ್ವರ್ಣಧಾರ ಇರಬಹುದು, ಆರ್‌ಐಆರ್ ಹುಂಜಕ್ಕೆ ಫಯೂಮಿ ಹೇಂಟೆ ಕೂಡಿಸಿ ಪಡೆದ ಸೋನಾಲಿ ಇರಬಹುದು, ಇವುಗಳ ಮಕ್ಕಳೂ ಇರಬಹುದು. ಇಂಥ ಕಡೆ ಖಾಲಿ ಬಿಡುವುದೇ ಸರಿ ಎಂದು ಹುಡುಗಿಗೆ ಹೇಳಿದೆ. ಅವಳಿಗೆ ಅದು ಸಮಾಧಾನವಾಗಲಿಲ್ಲ.

ಹಸಿದ ಕೋಳಿಯ ಸ್ವಭಾವ

ರೂಪದ ಮೇಲೆ ಮಾಡಿದ ಗುಂಪುಗಳು ಸ್ವಭಾವದಲ್ಲಿಯೂ ನಿಲ್ಲುತ್ತವೆಯೇ ಎಂದು ನೋಡಬೇಕಿತ್ತು. ಬಾಗಿಲು ತೆರೆದಾಗ ಯಾವುದು ಮೊದಲು ಬರುತ್ತದೆ, ಅಪರಿಚಿತರು ಎಷ್ಟು ಹತ್ತಿರ ಬಂದರೆ ಸರಿಯುತ್ತದೆ, ಕಾಳಿನ ಮೇಲೆ ಯಾವುದು ಯಾವುದನ್ನು ಓಡಿಸುತ್ತದೆ, ಸಂಜೆ ಎಲ್ಲಿ ಮಲಗುತ್ತದೆ, ಈ ನಾಲ್ಕನ್ನು ಒಂಬತ್ತು ದಿನ ಬರೆಯಲು ಹುಡುಗಿಗೆ ಹೇಳಿ ಬಂದೆ.

ಮೊದಲ ಒಂಬತ್ತು ದಿನಗಳ ಬರಹ ನನ್ನನ್ನು ದಾರಿ ತಪ್ಪಿಸುವಂತಿತ್ತು. ಕೊಕ್ಕು ಕತ್ತರಿಸಿದ ಹದಿಮೂರರ ಎದುರು ಅವಳು “ಜಗಳಗಂಟಿ, ಒಂದರ ಬಾಲ ಒಂದು ಕೀಳುತ್ತದೆ, ಮೊಟ್ಟೆ ಒಡೆದು ಕುಡಿಯುತ್ತದೆ” ಎಂದು ಬರೆದಿದ್ದಳು. ಕಂದು ಮೊಟ್ಟೆಯ ಹೈಬ್ರಿಡ್‌ಗಳು ಮನುಷ್ಯರ ಕಾಲಿಗೆ ಸಿಕ್ಕಿಕೊಳ್ಳುವಷ್ಟು ಸಾಧು ಎಂಬುದು ನನ್ನ ಅನುಭವ. ಹಾಗಾದರೆ ನನ್ನ ಗುಂಪೇ ತಪ್ಪೇ ಎಂದು ಒಂದು ರಾತ್ರಿ ಯೋಚಿಸಿದೆ. ಮರುದಿನ ಕೇಳಿದ್ದು ಒಂದೇ ಪ್ರಶ್ನೆ: ತಿನ್ನಲು ಏನು ಹಾಕುತ್ತೀರಿ? ಜೋಳ, ತೊಗರಿ ನುಚ್ಚಿನ ಪುಡಿ, ಮನೆಯ ಅನ್ನ. ಬೇರೇನೂ ಇಲ್ಲ.

ಜೋಳದಲ್ಲಿ ಪ್ರೋಟೀನ್ ಇರುವುದು ಶೇಕಡ 10ರ ಸುಮಾರು. ದಿನವೂ ಮೊಟ್ಟೆ ಇಡುವ ಹೈಬ್ರಿಡ್ ಕೋಳಿಗೆ ಶೇಕಡ 16ರಿಂದ 17ರಷ್ಟು ಪ್ರೋಟೀನ್, ಶೇಕಡ 3.5ಕ್ಕಿಂತ ಹೆಚ್ಚು ಸುಣ್ಣದಂಶ ಬೇಕು. ಜವಾರಿ ಕೋಳಿ ಕಡಿಮೆ ಮೊಟ್ಟೆ ಇಟ್ಟು, ಹುಳುಹುಪ್ಪಟೆ ಕೆದಕಿ ತಿಂದು ಸರಿದೂಗಿಸಿಕೊಳ್ಳುತ್ತದೆ. ಹೈಬ್ರಿಡ್‌ಗೆ ಮೊಟ್ಟೆ ಇಡುವುದನ್ನು ನಿಲ್ಲಿಸಲು ಬಾರದು. ಅದು ತನ್ನ ಮೂಳೆಯನ್ನು ಕರಗಿಸಿ ಇಡುತ್ತದೆ, ಆಮೇಲೆ ನೆರೆಯ ಕೋಳಿಯ ಗರಿಯನ್ನು, ತನ್ನದೇ ಮೊಟ್ಟೆಯನ್ನು ತಿನ್ನಲು ತೊಡಗುತ್ತದೆ. ಹುಡುಗಿ ಬರೆದದ್ದು ತಳಿಯ ಸ್ವಭಾವವಲ್ಲ, ಹಸಿವು. ಇದನ್ನು ಯೋಚಿಸಿದಾಗ ನನಗೆ ನಿಜವಾಗಿ ನೋವಾಯಿತು. ಆರು ತಿಂಗಳು ಆ ಜೀವಗಳು ಹೀಗೆ ದುಡಿದಿದ್ದವು.

ಮೊಟ್ಟೆ ಕೋಳಿಯ ಆಹಾರ ತರಿಸಿ, ಬೇರೆ ಮಡಕೆಯಲ್ಲಿ ಸುಣ್ಣಕಲ್ಲಿನ ಹರಳು ಇಡಿಸಿದೆವು. ಮೂರು ವಾರಗಳಲ್ಲಿ ಗರಿ ಕೀಳುವುದು ಬಹುಪಾಲು ನಿಂತಿತು. ಮೊಟ್ಟೆ ಕುಡಿಯುವ ಚಟ ಎರಡು ಕೋಳಿಗಳಲ್ಲಿ ಉಳಿಯಿತು, ಅವನ್ನು ಬೇರೆ ಮಾಡಬೇಕಾಯಿತು. ಆಮೇಲೆ ಹುಡುಗಿ ಎರಡನೆಯ ಸಲ ಒಂಬತ್ತು ದಿನ ಬರೆದಳು. ಈಗ ಚಿತ್ರ ಬೇರೆಯೇ ಆಗಿತ್ತು.

ಹೈಬ್ರಿಡ್‌ಗಳು ಬಾಗಿಲು ತೆರೆದರೆ ಜನರತ್ತ ಓಡಿಬರುತ್ತಿದ್ದವು, ಮುಟ್ಟಲು ಹೋದರೆ ಕುಕ್ಕರಿಸುತ್ತಿದ್ದವು. ಹುಡುಗಿ “ಪ್ರೀತಿ ಮಾಡುತ್ತವೆ” ಎಂದು ಬರೆದಿದ್ದಳು. ಆ ಸಾಲನ್ನು ತಿದ್ದಲು ಮನಸ್ಸಾಗಲಿಲ್ಲ, ಆದರೂ ತಿದ್ದಿದೆ. ಹಾಗೆ ಕುಕ್ಕರಿಸುವುದು ಮೊಟ್ಟೆ ಇಡುವ ವಯಸ್ಸಿನ ಯಾವ ತಳಿಯ ಹೇಂಟೆಯೂ ಮಾಡುವ ಕೆಲಸ, ಅದನ್ನು ತಳಿಯ ಗುರುತಾಗಿ ಎಣಿಸಬಾರದು. ಎಣಿಸಬೇಕಾದದ್ದು ಅವು ಹಿತ್ತಿಲು ಬಿಟ್ಟು ದೂರ ಹೋಗದಿರುವುದನ್ನು, ಗಿಡುಗದ ನೆರಳು ಬಿದ್ದಾಗ ತಡವಾಗಿ ಎಚ್ಚರಗೊಳ್ಳುವುದನ್ನು.

ಆರ್‌ಐಆರ್ ಲಕ್ಷಣದ ಏಳು ಹೇಂಟೆಗಳು ಯಾರ ಹಿಂದೆಯೂ ಬೀಳುತ್ತಿರಲಿಲ್ಲ, ಯಾರಿಗೂ ಹೆದರುತ್ತಿರಲಿಲ್ಲ. ಕಾಳಿನ ಬಳಿ ಮಾತ್ರ ಎದೆಯಿಂದ ತಳ್ಳಿ ಜಾಗ ಮಾಡಿಕೊಳ್ಳುತ್ತಿದ್ದವು. ಬೆಳಿಗ್ಗೆ ಹೊಲದ ಬದುವಿನವರೆಗೆ ಕೆದಕುತ್ತ ಹೋಗಿ ಹನ್ನೊಂದಕ್ಕೆ ಮರಳುತ್ತಿದ್ದವು. ಅಸೀಲ್ ರಕ್ತದವು ರಾತ್ರಿ ಗೂಡಿಗೆ ಬಾರದೆ ಬೇವಿನ ಕೊಂಬೆಯಲ್ಲಿ ಕೂರುತ್ತಿದ್ದವು. ಮನುಷ್ಯರು ಬಂದರೆ ಓಡದೆ ನಿಂತು ನೋಡುತ್ತಿದ್ದವು, ಇನ್ನೊಂದು ಹೇಂಟೆ ಹತ್ತಿರ ಬಂದರೆ ಸಹಿಸುತ್ತಿರಲಿಲ್ಲ. ಆಗಸ್ಟ್ ಕೊನೆಯ ಹೊತ್ತಿಗೆ ಅವುಗಳಲ್ಲಿ ಮೂರು ಕಾವಿಗೆ ಕೂತವು. ಏಳರಲ್ಲಿ ಒಂದೂ ಕೂರಲಿಲ್ಲ, ಹದಿಮೂರರಲ್ಲಿ ಕೇಳುವುದೇ ಬೇಡ.

ಮಗುವನ್ನು ಒದ್ದ ಹುಂಜದ ಪ್ರಶ್ನೆ ಬಾಕಿ ಇತ್ತು. ಮೂರನ್ನೂ ಬೇರೆ ಬೇರೆ ಹೊತ್ತಿನಲ್ಲಿ ಹಿತ್ತಿಲಿಗೆ ಬಿಟ್ಟು ನಾನೇ ನಡುವೆ ನಡೆದೆ. ಎತ್ತರದ ಹುಂಜ ನನ್ನ ಕೈಯಿಂದ ಕಾಳು ತಿಂದಿತು, ಎತ್ತಿಕೊಂಡರೆ ಕಂಕುಳಲ್ಲಿ ಸುಮ್ಮನೆ ಕೂತಿತು. ಇನ್ನೊಂದು ಹುಂಜದ ಕೂಗು ಕೇಳಿದಾಗ ಮಾತ್ರ ಕುತ್ತಿಗೆಯ ಗರಿ ನಿಮಿರಿಸಿತು. ಅಸೀಲ್ ಕಾದಾಡುವುದು ತನ್ನಂಥದ್ದರ ಜೊತೆ, ಸಾಕಿದವರ ಜೊತೆ ಅದು ಪಳಗಿದ ಹಕ್ಕಿ. ಎರಡನೆಯ ದಿನ ಆರ್‌ಐಆರ್ ಲಕ್ಷಣದ ಹುಂಜವನ್ನು ಬಿಟ್ಟೆವು. ಎದುರಿಗೆ ನಿಂತಾಗ ಅದು ಅತ್ತ ನೋಡುತ್ತಿತ್ತು. ಬೆನ್ನು ತಿರುಗಿಸಿ ಬಕೆಟ್ ಎತ್ತಲು ಬಾಗಿದೆ, ಓಡಿಬಂದು ಪ್ಯಾಂಟಿನ ಮೇಲೆ ಒದ್ದಿತು. ಕತ್ತಿಯ ಅಂಚಿನವರೆಗೆ ಹೋಗಿದ್ದ ಹುಂಜ ನಿರಪರಾಧಿಯಾಗಿತ್ತು.

ತೆಗೆದುಕೊಂಡ ನಿರ್ಧಾರಗಳು

ಮನೆಯೊಡತಿ ಮೊದಲು ಮಾಡಿದ್ದು ನಾನು ಹೇಳದೆಯೇ ಮಾಡಿದ್ದು. ಇಬ್ಬರು ನೆರೆಯವರಿಗೆ ಮೊಟ್ಟೆಯ ಹಣವನ್ನು ಹಿಂತಿರುಗಿಸಿದರು. ಅವರ ಜೊತೆ ನಾನೂ ಎರಡೂ ಮನೆಗಳಿಗೆ ಹೋಗಿ, ತಪ್ಪು ಗುರುತಿಸಿದವನು ನಾನು, ಅವರಲ್ಲ ಎಂದು ಹೇಳಿ ಕ್ಷಮೆ ಕೇಳಿದೆ. ಒಬ್ಬಾಕೆ ಹಣ ಪಡೆಯಲಿಲ್ಲ. “ಬಟಾಣಿ ಜುಟ್ಟಿನ ಹೇಂಟೆಮರಿಗಳು ಇರಲಿ, ಕಾವಿಗೆ ಬೇಕು” ಎಂದರು. ಅವರಿಗೆ ನನಗಿಂತ ಮುಂಚೆ ತಿಳಿದಿತ್ತು.

ಹೈಬ್ರಿಡ್‌ಗಳ ಮೊಟ್ಟೆ ತಿನ್ನಲು ಮಾತ್ರ, ಮರಿಗೆ ಕೊಡುವುದಿಲ್ಲ ಎಂದು ತೀರ್ಮಾನವಾಯಿತು. ಏಳು ಹೇಂಟೆಗಳಿಗೆ ಹಿತ್ತಿಲಿನ ಒಂದು ಮೂಲೆಯಲ್ಲಿ ಬಲೆ ಕಟ್ಟಿ ಬೇರೆ ಜಾಗ ಮಾಡಿದೆವು. ಬಲೆ ಕಟ್ಟಿದ ಮರುದಿನದಿಂದಲೇ ಮೊಟ್ಟೆ ಕೂಡಿಡಲು ಹೊರಟಿದ್ದರು, ತಡೆದೆ. ಹೇಂಟೆಯ ಒಡಲಲ್ಲಿ ಹಿಂದಿನ ಹುಂಜದ ವೀರ್ಯ ಎರಡು ವಾರ, ಕೆಲವೊಮ್ಮೆ ಮೂರು ವಾರವೂ ಜೀವಂತವಾಗಿರುತ್ತದೆ. ಮೂರು ವಾರ ಕಾಯದೆ ತೆಗೆದ ಮೊಟ್ಟೆಯಲ್ಲಿ ಮತ್ತೆ ಬಟಾಣಿ ಜುಟ್ಟು ಬರಬಹುದಿತ್ತು.

ಹುಂಜದ ವಿಷಯದಲ್ಲಿ ನಮ್ಮಿಬ್ಬರಿಗೆ ಒಮ್ಮತವಾಗಲಿಲ್ಲ. ಲಕ್ಷಣದಲ್ಲಿ ಸರಿಹೊಂದುವ ಹುಂಜ ಒಂದೇ, ಅದೇ ಮಗುವನ್ನು ಒದ್ದದ್ದು. ಸಿಡುಕುತನ ಮಕ್ಕಳಿಗೂ ಇಳಿಯುತ್ತದೆ, ಮಕ್ಕಳಿರುವ ಮನೆಗಳಿಗೆ ಹೋಗುವ ಮರಿಗಳಿಗೆ ಅದು ತಂದೆಯಾಗುವುದು ಬೇಡ, ನಂಬಿಕೆಯ ಸರ್ಕಾರಿ ಫಾರಂನಿಂದ ಬೇರೆ ಹುಂಜ ತರೋಣ ಎಂದೆ. ಕಾಯಲು ಅವರಿಂದ ಆಗದು, ಸಾಲದ ಕಂತು ನಡೆಯುತ್ತಿತ್ತು. ಒಂದು ಸುತ್ತು ಅದನ್ನೇ ಬಳಸಿ ಆಮೇಲೆ ಮಾರುವುದಾಗಿ ಹೇಳಿದರು. ಮನೆ ಅವರದು, ಕೋಳಿ ಅವರದು. ನಾನು ನನ್ನ ಮಾತನ್ನು ಹಿಂತೆಗೆದುಕೊಳ್ಳಲೂ ಇಲ್ಲ, ಅವರನ್ನು ತಡೆಯಲೂ ಇಲ್ಲ. ಎತ್ತರದ ಹುಂಜವನ್ನು ಆಕೆಯ ತಮ್ಮ ತನ್ನೂರಿಗೆ ಒಯ್ದ. ಕೋಳಿ ಕಾಳಗಕ್ಕೆ ಕೊಡುವುದಿಲ್ಲ ಎಂಬ ಮಾತು ಪಡೆದ ಮೇಲೆಯೇ ಕೊಟ್ಟದ್ದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧ ಎಂದೂ ತಿಳಿಸಿ ಹೇಳಿದೆ.

ಸೆಪ್ಟೆಂಬರ್ ಕೊನೆಗೆ ಮೂವತ್ತನಾಲ್ಕು ಮೊಟ್ಟೆಗಳು ಕೂಡಿದವು. ಅವುಗಳನ್ನು ಕಾವಿಗೆ ಕೂತಿದ್ದ ಅಸೀಲ್ ರಕ್ತದ ಮೂರು ಹೇಂಟೆಗಳ ಕೆಳಗೆ ಇಟ್ಟೆವು. ಕಾವು ಕೆಡದಿರಲೆಂದು ಮನೆಯೊಡತಿ ಅಲ್ಲಿಯವರೆಗೆ ಅವುಗಳ ಕೆಳಗೆ ಹುಸಿಮೊಟ್ಟೆಗಳನ್ನು ಇಟ್ಟು ಕೂರಿಸಿದ್ದರು, ದಿನಕ್ಕೆರಡು ಸಲ ಎಬ್ಬಿಸಿ ಮೇಯಿಸುತ್ತಿದ್ದರು. ಕಲಬೆರಕೆ ಎಂದು ಬೈಸಿಕೊಂಡ ಹಕ್ಕಿಗಳೇ ಈಗ ತಳಿ ಉಳಿಸುವ ತಾಯಂದಿರಾದವು. ಇಪ್ಪತ್ತಾರು ಮರಿಗಳು ಬಂದವು. ಮೊದಲ ವಾರದಲ್ಲೇ ಲಸಿಕೆ ಹಾಕಿಸಿದರು. ಎಲ್ಲದರ ತಲೆಯ ಮೇಲೂ ಒಂಟಿ ಜುಟ್ಟು. ಮೂರು ತಿಂಗಳಿಗೆ ಊದಿ ನೋಡಿದಾಗ ಎರಡರ ಬುಡದಲ್ಲಿ ಮಾತ್ರ ಬೂದು ಬಿಳುಪಿತ್ತು. ಹನ್ನೊಂದು ಹುಂಜಮರಿಗಳಲ್ಲಿ ಎರಡು ತಂದೆಯ ಹಾಗೆ ಬೆನ್ನ ಹಿಂದಿನಿಂದ ಬರುವುದನ್ನು ಕಲಿತವು. ಅವೆರಡನ್ನೂ ಮನೆಯೊಡತಿ ಯಾರಿಗೂ ಕೊಡಲಿಲ್ಲ.

ಮಾರುವಾಗ ಆಕೆ ಆರ್‌ಐಆರ್ ಎಂಬ ಹೆಸರು ಹೇಳುವುದಿಲ್ಲ. “ನಮ್ಮ ಹಿತ್ತಿಲ ಕೆಂಪು ಕೋಳಿ, ಮೊಟ್ಟೆ ಚೆನ್ನಾಗಿ ಇಡುತ್ತದೆ, ಕಾವಿಗೆ ನಂಬಬೇಡಿ, ಹುಂಜಕ್ಕೆ ಬೆನ್ನು ಕೊಡಬೇಡಿ” ಎನ್ನುತ್ತಾರೆ.

ಈಗ ಯಾರಾದರೂ ಕೆಂಪು ಕೋಳಿ ತೋರಿಸಿ ತಳಿ ಕೇಳಿದರೆ ನಾನು ಬೆಳಗಿನ ತಂಪಿನಲ್ಲಿ ಬರುತ್ತೇನೆ ಎನ್ನುತ್ತೇನೆ. ಮೊದಲು ಕೊಕ್ಕು, ಆಮೇಲೆ ಜುಟ್ಟು, ಆಮೇಲೆ ಗರಿಯ ಬುಡ ಮತ್ತು ಬಿಚ್ಚಿದ ರೆಕ್ಕೆ, ಆಮೇಲೆ ಪಕ್ಕದಿಂದ ಮೈಕಟ್ಟು. ಹೊರಗಿನ ಬಣ್ಣ ಕೊನೆಗೆ. ಸ್ವಭಾವದ ಬಗ್ಗೆ ಬಾಯಿಬಿಡುವ ಮೊದಲು ಏನು ತಿನ್ನುತ್ತದೆ, ಎಷ್ಟು ಜಾಗದಲ್ಲಿದೆ ಎಂದು ಕೇಳುತ್ತೇನೆ. ಕೊಂಡ ಮರಿಗಳಿಂದ ಹುಟ್ಟಿದ ಮರಿಗಳಿದ್ದರೆ ಅವನ್ನೂ ತರಿಸುತ್ತೇನೆ. ತಂದೆತಾಯಿ ಮುಚ್ಚಿಟ್ಟದ್ದನ್ನು ಅವು ತೆರೆದು ತೋರಿಸುತ್ತವೆ.

ಕೊನೆಯ ಸಲ ಹೋದದ್ದು ಜನವರಿಯಲ್ಲಿ, ತೊಗರಿ ರಾಶಿಯ ಹೊತ್ತಿಗೆ. ಗುಂಪಿಗೆ ಸೇರಿಸದೆ ಬಿಟ್ಟಿದ್ದ ನಾಲ್ಕರಲ್ಲಿ ಹದಿನೇಳನೆಯ ಸಂಖ್ಯೆಯ ಹೇಂಟೆ ಹೊಟ್ಟಿನ ಚೀಲಗಳ ಹಿಂದೆ ಯಾರಿಗೂ ಕಾಣದಂತೆ ಕಾವಿಗೆ ಕೂತಿತ್ತು, ಕೆಳಗೆ ಒಂಬತ್ತು ಮೊಟ್ಟೆಗಳು. ಹುಡುಗಿ ನೋಟ್‌ಬುಕ್ ತೆರೆದು, ಈಗಲಾದರೂ ಇದರ ತಳಿ ಹೇಳಿ ಎಂದು ಪೆನ್ನು ಹಿಡಿದು ನಿಂತಳು. ಮರಿಗಳು ಹೊರಬರಲು ಹನ್ನೆರಡು ದಿನ ಇತ್ತು. ಆ ಸಾಲನ್ನು ಇನ್ನೂ ಹನ್ನೆರಡು ದಿನ ಖಾಲಿ ಬಿಡು ಎಂದೆ.